ನೀಲಾವತಿ ಸಾಮ್ರಾಜ್ಯದ ಸ್ಟೇಷನ್ ಮಾಸ್ತರು

ನನ್ನ ಸೋದರಮಾವನಿಗೆ ಕಲ್ಪನಾಶಕ್ತಿ ಎಂಬುದು ಎಳ್ಳಷ್ಟೂ ಇಲ್ಲ. ಅದಕ್ಕೇ ಅವರು ಒಂದು ಸಾಮ್ರಾಜ್ಯ ಆಳುತ್ತಿದ್ದಾರೆ!

ಸಾಮ್ರಾಜ್ಯದ ಹೆಸರು ನೀಲಾವತಿ. ಅದಕ್ಕೆ ಕೋಟೆ ಇದೆ, ಕಂದಕ ಇದೆ, ಕಂದಕದಲ್ಲಿ ಮೊಸಳೆಗಳಿವೆ, ಉತ್ತರದ ಗುಹೆಯಲ್ಲಿ ಊರು ಸುಡುವ ರಾಕ್ಷಸನೂ ಇದ್ದಾನೆ. ಇಷ್ಟೂ ಇರುವುದು ಫೋನಿನ ಒಂದು ಗ್ರೂಪಿನೊಳಗೆ. ಹೈದರಾಬಾದಿನ ಮೂಲೆಮೂಲೆಯಲ್ಲಿರುವ ಒಂದಷ್ಟು ಕನ್ನಡದವರು ಸೇರಿ, ಒಬ್ಬೊಬ್ಬರು ಒಂದೊಂದು ಪಾತ್ರ ಹಿಡಿದು, ಆ ಪಾತ್ರವಾಗಿಯೇ ಬರೆಯುತ್ತ ಕಥೆ ಬೆಳೆಸುವ ಆಟ ಇದು. ಹಗಲೆಲ್ಲ ತೆಲುಗು, ಹಿಂದಿ ಮಾತಾಡಿದವರು ಸಂಜೆ ಇಲ್ಲಿಗೆ ಬಂದು ಕನ್ನಡದಲ್ಲಿ ಕತ್ತಿ ಝಳಪಿಸುತ್ತಾರೆ. ಇವರೆಲ್ಲರ ಮುಖ್ಯಸ್ಥರು ಮಲ್ಕಾಜ್‌ಗಿರಿಯ ಒಂದು ಫ್ಲ್ಯಾಟಿನಲ್ಲಿ ಬನಿಯನ್, ಲುಂಗಿ ತೊಟ್ಟು ಕೂತಿರುವ ನಿವೃತ್ತ ಸ್ಟೇಷನ್ ಮಾಸ್ತರು. ಅವರೇ ನನ್ನ ಮಾಮಾ. ನಾನು ಕೆಲಸದ ಕಾರಣಕ್ಕೆ ಅವರ ಮನೆಯಲ್ಲಿದ್ದೇನೆ. ಏನು ಕೆಲಸ ಎಂಬುದು ಈ ಪ್ರಬಂಧಕ್ಕೆ ಬೇಕಿಲ್ಲ.

ರಾಯಚೂರಿನ ಕಡೆಯ, ಒಂದು ಕಾದಂಬರಿಯನ್ನೂ ಪೂರ್ತಿ ಓದದ ಈ ಮನುಷ್ಯ ಸಾಮ್ರಾಜ್ಯಕ್ಕೆ ಕಾಲಿಟ್ಟದ್ದು ಹೇಗೆ? ತಪ್ಪಿ! ಆಗ ನಮ್ಮ ಮೇಲಿನ ಮನೆಯಲ್ಲಿ ಮೈಸೂರಿನ ಹುಡುಗನೊಬ್ಬನಿದ್ದ. ಈಗ ಆಫೀಸಿಗೆ ಹತ್ತಿರವೆಂದು ಉಪ್ಪಲ್‌ಗೆ ಹೋಗಿದ್ದಾನೆ. ಈ ಆಟ ಶುರು ಮಾಡಿದವನು ಅವನೇ, ಅದರಲ್ಲಿ ಸೇನಾಪತಿಯೂ ಅವನೇ. ಕಟ್ಟಡದ ನೀರಿನ ಗ್ರೂಪಿಗೆ ಮಾಮಾನನ್ನು ಸೇರಿಸಪ್ಪ ಎಂದು ಅತ್ತಿ, ಅಂದರೆ ಮಾಮಾನ ಹೆಂಡತಿ, ಅವನಿಗೆ ಹೇಳಿದರು. ಅವನು ಅವಸರದಲ್ಲಿ ಸೇರಿಸಿದ್ದು ಸಾಮ್ರಾಜ್ಯಕ್ಕೆ. ಮಾಮಾ ಕಂಡ ಮೊದಲ ಸಂದೇಶವೇ ಹೀಗಿತ್ತು: “ನಾಳೆ ಸೂರ್ಯೋದಯದಿಂದ ಕೋಟೆಗೆ ಮುತ್ತಿಗೆ. ನೀರಿನ ದಾರಿ ಬಂದ್!”

ಮಾಮಾ ಕನ್ನಡಕ ಏರಿಸಿ ಉತ್ತರ ಬರೆದರು: “ಎಷ್ಟು ಗಂಟೆಯವರೆಗೆ ಬಂದ್? ಮೊದಲೇ ತಿಳಿಸಬೇಕಿತ್ತು. ಟ್ಯಾಂಕರಿನವರಿಗೆ ಹೇಳಿದ್ದೀರಾ? ಮೇಲಿನ ಮಹಡಿಗಳಲ್ಲಿ ವಯಸ್ಸಾದವರಿದ್ದಾರೆ.”

ಮುತ್ತಿಗೆಗೆ ಸಿಕ್ಕ ಕೋಟೆಯಲ್ಲಿ ವಯಸ್ಸಾದವರ ಬಗ್ಗೆ ಅದುವರೆಗೆ ಯಾವ ವೀರನಾದರೂ ಯೋಚಿಸಿದ್ದನೇ? ಯಾರೋ ಭಕ್ತಿಯಿಂದ ಬರೆದರು: “ಮಹಾಮಂತ್ರಿಗಳಿಗೆ ಪ್ರಣಾಮಗಳು.” ಮಾಮಾ ಬರೆದರು: “ನಮಸ್ಕಾರ. ಮೋಟಾರು ಯಾವಾಗ ಹಾಕುತ್ತೀರಿ?”

ಇದು ನೀರಿನ ಗ್ರೂಪಲ್ಲವೆಂದು ತಿಳಿಯುವಷ್ಟರಲ್ಲಿ ಅವರು ಮಹಾಮಂತ್ರಿಯಾಗಿ ತಿಂಗಳೇ ಕಳೆದಿತ್ತು.

“ಈಗರೆ ಹೊರಗ ಬರ್ರಿ ಮಾಮಾ,” ಎಂದೆ.

“ಹೆಂಗ ಬರಲಿ, ತಂಗಿ? ಚಾರ್ಜ್ ತಗೊಂಡ ಮ್ಯಾಲ ರಿಲೀಫ್‌ನಾವ ಬರೂತನಕಾ ಸ್ಟೇಷನ್ ಬಿಡಂಗಿಲ್ಲ.”

ವಿಶ್ವವಿದ್ಯಾಲಯದಲ್ಲಿ ನನಗೆ ನಾಯಕತ್ವದ ಮೇಲೆ ಒಂದು ಪೇಪರ್ ಇತ್ತು. ನಾಯಕನಿಗೆ ದೂರದೃಷ್ಟಿ ಇರಬೇಕು ಎಂದು ಓದಿದ್ದೆ. ಮಾಮಾಗೆ ಇರುವುದು ಚಾಳೀಸು. ನಾಯಕ ಅನುಯಾಯಿಗಳಲ್ಲಿ ಉತ್ಸಾಹ ತುಂಬಬೇಕು ಎಂದೂ ಓದಿದ್ದೆ. ಮಾಮಾ ಇದ್ದ ಉತ್ಸಾಹವನ್ನೂ ಇಳಿಸುತ್ತಾರೆ! ಒಮ್ಮೆ ಸೇನಾಪತಿ ಹತ್ತು ಸಾವಿರ ಕುದುರೆಗಳೊಂದಿಗೆ ಶತ್ರುವಿನ ಮೇಲೆ ಹೊರಟ. ಮಾಮಾ ತಡೆದು ಕೇಳಿದರು: “ಹುಲ್ಲು ಎಲ್ಲಿಂದ?” ಆ ವಾರವಿಡೀ ನೀಲಾವತಿಯಲ್ಲಿ ಯುದ್ಧವಾಗಲಿಲ್ಲ, ಹುಲ್ಲು ಕೊಯ್ದರು.

ಅತ್ತಿ ಅಡುಗೆಮನೆಯಿಂದಲೇ ಕೂಗಿದರು: “ಮನ್ಯಾಗ ಗ್ಯಾಸ್ ಮುಗದು ಎರಡು ದಿನ ಆತು. ಇವರು ಅಲ್ಲಿ ಕುದುರಿಗಿ ಉಣ್ಣಾಕ ಹಾಕಾಕತ್ತಾರ!”

ಇಷ್ಟಾದರೂ ಆ ಜನ ಒಮ್ಮತದಿಂದ ಇವರನ್ನೇ ಮುಖ್ಯಸ್ಥರನ್ನಾಗಿ ಮಾಡಿಕೊಂಡರು. ಯಾಕೆಂದರೆ ಅದುವರೆಗೆ ಅಲ್ಲಿ ನಡೆಯುತ್ತಿದ್ದದ್ದು ಆಟವಲ್ಲ, ಜಗಳ. “ನಿನ್ನ ತಲೆ ಕಡಿದೆ!” ಎಂದು ಒಬ್ಬ ಬರೆಯುತ್ತಿದ್ದ. “ನಾನು ಆಗಲೇ ತಪ್ಪಿಸಿಕೊಂಡೆ!” ಎಂದು ಇನ್ನೊಬ್ಬ. “ಅದು ಹೇಗೆ? ನಾನು ಮೊದಲು ಬರೆದೆ!” ಆಮೇಲೆ ಇಬ್ಬರೂ ಮುನಿಸಿಕೊಂಡು ಗ್ರೂಪು ಬಿಡುತ್ತಿದ್ದರು. ಮಾಮಾ ಇದಕ್ಕೆ ತಮಗೆ ಗೊತ್ತಿದ್ದ ಒಂದೇ ಒಂದು ಮದ್ದು ಹಾಕಿದರು. ಅದೇ ಲೈನ್ ಕ್ಲಿಯರ್. ಮುಂದಿನ ಸ್ಟೇಷನ್ನಿನವರು ‘ಹಳಿ ಖಾಲಿ ಇದೆ, ಬರಲಿ’ ಎನ್ನುವ ತನಕ ಈ ಸ್ಟೇಷನ್ನಿನವರು ಗಾಡಿ ಬಿಡುವಂತಿಲ್ಲ. ನೀಲಾವತಿಯಲ್ಲೂ ಅಷ್ಟೇ. ಇನ್ನೊಬ್ಬರ ಪಾತ್ರಕ್ಕೆ ಏನೇ ಮಾಡುವ ಮೊದಲು ಅವರನ್ನು ಕೇಳಬೇಕು. ಮೊದಲ ಪ್ರಯೋಗ ನನ್ನ ಕಣ್ಣೆದುರೇ ನಡೆಯಿತು.

ಸೇನಾಪತಿ ಬರೆದ: “ರಾಕ್ಷಸರೇ, ನಿಮ್ಮ ತಲೆ ಕಡಿಯಲು ಲೈನ್ ಕ್ಲಿಯರ್ ಬೇಕಾಗಿದೆ.”

ರಾಕ್ಷಸ: “ತಲಿ ಬ್ಯಾಡ್ರಿ. ಬೇಕಂದ್ರ ಎಡಗೈ ಕಡೀರಿ. ಭಾಳ ಅಂದ್ರ ಮೊಣಕೈ ತನಕ.”

ಸೇನಾಪತಿ: “ಭುಜದವರೆಗೂ ಸಿಗಬಹುದಾ?”

ಮಾಮಾ: “ಮೊಣಕೈತನಕ ಮಂಜೂರು. ಮುಂದುವರೀರಿ.”

ಈ ರಾಕ್ಷಸ ಯಾದಗಿರಿ ಕಡೆಯ ಗಾರೆ ಕೆಲಸದವನು. ಅವನಷ್ಟು ಸಭ್ಯ ರಾಕ್ಷಸನನ್ನು ನಾನು ಬೇರೆಲ್ಲೂ ಕಂಡಿಲ್ಲ. “ನಾಳೆ ನಮ್ಮ ಕಡಿ ಸ್ಲ್ಯಾಬ್ ಐತ್ರಿ ಮಾಸ್ತರ, ಊರು ಸುಡೂದು ನಾಡದ್ದಿಗೆ ಇಟ್ಕೊಳ್ರಿ,” ಎಂದು ಮೊದಲೇ ತಿಳಿಸುತ್ತಿದ್ದ. ಮಾಮಾ ಊರಿನವರಿಗೆಲ್ಲ ಸೂಚನೆ ಹೊರಡಿಸುತ್ತಿದ್ದರು: ದಹನ ಒಂದು ದಿನ ತಡವಾಗಿ ನಡೆಯಲಿದೆ, ಅನಾನುಕೂಲಕ್ಕೆ ವಿಷಾದಿಸುತ್ತೇವೆ.

ಎರಡನೆಯ ಕಾನೂನು ಲೂಪ್ ಲೈನಿನದು. ಸ್ಟೇಷನ್ನಿನಲ್ಲಿ ಗಾಡಿಗಳನ್ನು ಪಕ್ಕಕ್ಕೆ ನಿಲ್ಲಿಸುವ ಹಳಿಯಿರುತ್ತದಲ್ಲ, ಅದೇ. ಯಾರಾದರೂ ಬರೆಯುವುದನ್ನು ನಿಲ್ಲಿಸಿದರೆ ಅವರ ಪಾತ್ರ ಲೂಪ್ ಲೈನಿಗೆ ಹೋಗುತ್ತದೆ. ಅಲ್ಲಿರುವವರನ್ನು ಯಾರೂ ಕೊಲ್ಲುವಂತಿಲ್ಲ, ಓಡಿಸುವಂತಿಲ್ಲ, ಅವರ ಪರವಾಗಿ ಬರೆಯುವಂತಿಲ್ಲ. ಸಂಜೆಯ ವರದಿಯಲ್ಲಿ ಮಾತ್ರ ಅವರ ಬಗ್ಗೆ ಒಂದು ಸಾಲು ತಪ್ಪದೆ ಇರುತ್ತದೆ: “ರಾಜವೈದ್ಯರು ಲೂಪ್ ಲೈನಿನಲ್ಲಿದ್ದಾರೆ. ಊಟ ಆಗಿದೆ.”

“ಊಟ ಆಗೇತಿ ಅಂತ ಯಾಕ ಬರೀತೀರಿ ಮಾಮಾ?”

“ನಿಂತ ಗಾಡಿ ಅಂದ್ರ ಖಾಲಿ ಗಾಡಿ ಅಂತ ತಿಳದಿಯೇನು? ಒಳಗ ಮಂದಿ ಇರ್ತಾರ. ಮಂದಿ ಇದ್ರ ಊಟ ಕೇಳಬೇಕಲ್ಲ?”

ಒಂದು ದಿನ ನನ್ನನ್ನೂ ಸೇರಿಸಿಕೊಂಡರು. ಅತಿ ಕಡಿಮೆ ಮಾತಿರುವ ಪಾತ್ರ ಯಾವುದೆಂದು ವಿಚಾರಿಸಿ, ಸಂಜೆ ಕೋಟೆಗೋಡೆಯ ಮೇಲೆ ದೀಪ ಹಚ್ಚುವವಳ ಕೆಲಸ ಆರಿಸಿಕೊಂಡೆ. ಗೋಡೆ, ಎಣ್ಣೆ, ಬತ್ತಿ. ಯಾರೊಂದಿಗೂ ಸಂಭಾಷಣೆ ಇಲ್ಲ. ನನಗೆ ಹೇಳಿ ಮಾಡಿಸಿದ ಉದ್ಯೋಗ! ಒಂದೇ ಷರತ್ತು: ದೀಪದವಳು ನಾನೆಂದು ಯಾರಿಗೂ ಹೇಳಬಾರದು. ಮಾಮಾ ಒಪ್ಪಿದರು.

ಆಷಾಢದಲ್ಲಿ ನನ್ನ ಅವ್ವ ತೀರಿಕೊಂಡಳು. ಅದರ ಬಗ್ಗೆ ಇಲ್ಲಿ ಹೆಚ್ಚು ಬರೆಯುವುದಿಲ್ಲ. ಆಫೀಸಿನಲ್ಲೂ ಹೇಳಲಿಲ್ಲ, ಊರಿಗೆ ಹೋಗಬೇಕು ಎಂದಷ್ಟೇ ಹೇಳಿ ರಜೆ ತೆಗೆದುಕೊಂಡೆ. ದೀಪ ಹಚ್ಚುವುದೂ ನಿಂತಿತು. ಮಾಮಾ ಮಾತ್ರ ಮಣ್ಣು ಮುಗಿಸಿ ಬಂದ ಸಂಜೆಯೂ ರಾಯಚೂರಿನ ಅಂಗಳದಲ್ಲಿ ಕೂತು ವರದಿ ಕಳಿಸಿದರು: “ದೀಪದವಳು ಲೂಪ್ ಲೈನಿನಲ್ಲಿದ್ದಾಳೆ. ಊಟ ಆಗಿದೆ.” ನಿಜಕ್ಕೂ ಆಗಿರಲಿಲ್ಲ. ಬರೆದದ್ದು ಸುಳ್ಳಾಗಬಾರದೆಂದು ಆಮೇಲೆ ತಟ್ಟೆ ಹಿಡಿದು ನನ್ನ ಮುಂದೆ ಬಂದು ಕೂತರು. ಯಾಕೆ ಬರೆಯುತ್ತಿಲ್ಲ, ಯಾವಾಗ ಬರೆಯುತ್ತೀ ಎಂದು ಒಂದು ದಿನವೂ ಕೇಳಲಿಲ್ಲ.

ಕೇಳಿದವನು ಸೇನಾಪತಿ. ಅವನ ಕಷ್ಟವೂ ಸುಳ್ಳಲ್ಲ. ದೀಪಗಳೇ ಹತ್ತದ ಕೋಟೆಯಲ್ಲಿ ಅವನು ಕಾವಲು ಹೇಗೆ ಕಾಯಬೇಕು? ಅವನು ಹೆಣೆದಿದ್ದ ದೊಡ್ಡ ಯುದ್ಧ ತಿಂಗಳುಗಟ್ಟಲೆ ಕತ್ತಲಲ್ಲೇ ನಿಂತಿತ್ತು. ದೀಪದವಳನ್ನು ಮೊಸಳೆ ಎಳೆದೊಯ್ಯಲಿ, ಬೇರೊಬ್ಬರು ಆ ಕೆಲಸಕ್ಕೆ ಬರಲಿ ಎಂದು ಅವನ ಬೇಡಿಕೆ. ಮಾಮಾ ಒಪ್ಪಲಿಲ್ಲ. ಹಾಗಿದ್ದರೆ ಎಲ್ಲರೂ ಎದುರೆದುರು ಕೂತು ತೀರ್ಮಾನಿಸೋಣ ಎಂದ ಸೇನಾಪತಿ. ಜನವರಿಯಲ್ಲಿ ನಾಂಪಲ್ಲಿಯ ವಸ್ತುಪ್ರದರ್ಶನ ನಡೆಯುತ್ತಿತ್ತು. ಅಲ್ಲಿಯ ಮಿರ್ಚಿ ಬಜ್ಜಿ ಅಂಗಡಿಯೊಂದರ ಮುಂದೆ ಸಾಮ್ರಾಜ್ಯದ ಮಹಾಸಭೆ ನಿಗದಿಯಾಯಿತು.

ಸೇನಾಪತಿಯನ್ನು ಬಿಟ್ಟರೆ ಉಳಿದವರ ಮುಖ ನಮಗೆ ಗೊತ್ತಿಲ್ಲ, ನಮ್ಮದು ಅವರಿಗೆ ಗೊತ್ತಿಲ್ಲವಲ್ಲ? ಮಾಮಾ ಗುರುತಿಗೆಂದು ತಮ್ಮ ಹಳೆಯ ಹಸಿರು ಬಾವುಟ ತಂದು ಗೇಟಿನ ಪಕ್ಕ ಎತ್ತಿ ಹಿಡಿದರು. ನೋಡನೋಡುತ್ತಲೇ ಯಾರೋ ಅಪರಿಚಿತರು ಅವರ ಹಿಂದೆ ಸಾಲಾಗಿ ನಿಂತುಬಿಟ್ಟರು. ಒಬ್ಬಾಕೆ ನನ್ನನ್ನು ಕೇಳಿದಳು: “ಟಿಕೆಟ್ ಲೈನ್ ಇದೇನಾ ಅಮ್ಮಾ?”

ಕೊನೆಗೆ ನಿಜವಾದ ಪ್ರಜೆಗಳೂ ಬಂದರು. ಹತ್ತು ಹನ್ನೆರಡು ಜನ. ರಾಕ್ಷಸ ತೆಳ್ಳಗೆ, ಕುಳ್ಳಗೆ ಇದ್ದ. ನನ್ನನ್ನು ಮಾಮಾ “ಇಕಿ ನಮ್ಮ ಸೊಸಿ, ಬಜ್ಜಿ ತಿನ್ನಾಕ ಬಂದಾಳ,” ಎಂದು ಪರಿಚಯಿಸಿದರು. ನಾನು ಕಾಗದದ ತಟ್ಟೆ ಹಿಡಿದು ಪಕ್ಕಕ್ಕೆ ನಿಂತೆ.

“ಸಾರ್, ನೀವೇ ಹೇಳಿ,” ಸೇನಾಪತಿ ಶುರುಮಾಡಿದ. “ಇಷ್ಟು ತಿಂಗಳಾಯ್ತು. ಆಕೆಗೆ ಇಷ್ಟ ಇಲ್ಲ ಅಂದ್ರೆ ಬಿಟ್ಟು ಹೋಗ್ಲಿ. ಯಾರಾಕೆ? ನಿಮಗೆ ಗೊತ್ತಾ?”

“ಗೊತ್ತೈತಿ.”

“ಯಾಕೆ ಬರೀತಿಲ್ಲ?”

“ಅದು ಆಕಿನ ಮಾತು. ನಾ ಹೇಳಂಗಿಲ್ಲ.”

“ಅಯ್ಯೋ, ಹಂಗಂದ್ರೆ ಹೆಂಗೆ ಸಾರ್! ಕಾರಣ ಹೇಳಿದ್ರೆ ಕಾಯ್ತೀವಪ್ಪ. ಕಾರಣಾನೂ ಇಲ್ಲ, ಕಥೇನೂ ಇಲ್ಲ. ನೀವು ಮೊಂಡು ಹಿಡಿದಿದ್ದೀರಾ.”

“ಲೈನ್ ಕ್ಲಿಯರ್ ಕೊಡೋರು ಆ ಕಡಿ ಸುಮ್ಮನ ಕುಂತಾರಂದ್ರ ಗಾಡಿ ಬಿಡಂಗಿಲ್ಲಪಾ. ಕಾರಣ ಕೇಳಿ ಬಿಡೂದಲ್ಲ ಅದು.”

“ಸರಿ ಸಾರ್, ಓಟು ಹಾಕೋಣ.”

“ಹಾಕ್ರಿ. ಆಕಿನ್ನ ತಗದ್ರ ನಾನೂ ಇಳೀತೀನಿ.”

ಇದು ಬೆದರಿಕೆಯ ದನಿಯಲ್ಲಿರಲಿಲ್ಲ. ಗಾಡಿ ತಡವಾಗಿದೆ ಎಂದು ತಿಳಿಸುವ ದನಿ. ಆದರೆ ಅವರ ಬೆರಳುಗಳು ಮಡಚಿದ ಬಾವುಟವನ್ನೇ ಬಿಚ್ಚಿ ಮತ್ತೆ ಮಡಚುತ್ತಿದ್ದವು. ನಿವೃತ್ತರಾದ ಮೊದಲ ವರ್ಷ ಈ ಮನುಷ್ಯ ಬಾಲ್ಕನಿಯಲ್ಲಿ ನಿಂತು, ಹೋಗಿಬರುವ ರೈಲುಗಳ ಹೊತ್ತು ಗಡಿಯಾರಕ್ಕೆ ತಾಳೆ ನೋಡುವುದೊಂದನ್ನು ಬಿಟ್ಟು ಬೇರೇನೂ ಮಾಡಿರಲಿಲ್ಲ. ಈ ಗ್ರೂಪು ಹೋದರೆ ಮತ್ತೆ ಆ ಬಾಲ್ಕನಿಯೇ.

ಕೈಗಳು ಏಳತೊಡಗಿದವು. ಸೇನಾಪತಿಯದು, ಅವನ ಗೆಳೆಯರದು, ಮತ್ತೊಂದು, ಮಗದೊಂದು. ರಾಕ್ಷಸ ಮಾತ್ರ ಎರಡೂ ಕೈ ಜೇಬಿನಲ್ಲಿಟ್ಟುಕೊಂಡು ನೆಲ ನೋಡುತ್ತಿದ್ದ. ಒಂದು ಮಾತು ಹೇಳಿದ್ದರೆ ಮಾಮಾ ಗೆಲ್ಲುತ್ತಿದ್ದರು. ಹೇಳಲಿಲ್ಲ. ನಾನೇನಾದರೂ ಹೇಳಿಯೇನೆಂದು ನನ್ನ ಕಡೆ ತಿರುಗಿಯೂ ನೋಡಲಿಲ್ಲ.

“ಅದು ನಾನು,” ಎಂದೆ.

ಯಾರಿಗೂ ಕೇಳಿಸಲಿಲ್ಲ. ಪಕ್ಕದಲ್ಲಿ ಜೈಂಟ್ ವೀಲಿನ ಗದ್ದಲ. ಇಂಥ ಮಾತನ್ನು ಎರಡು ಸಲ ಹೇಳುವ ಶಿಕ್ಷೆ ಯಾರಿಗೂ ಬೇಡ!

“ದೀಪದವಳು ನಾನು. ನನ್ನ ಅವ್ವ ತೀರಿಕೊಂಡಿದ್ದಾಳೆ. ಅದಕ್ಕೇ ಬರೆಯಲಿಲ್ಲ.”

ಆ ವಾಕ್ಯವನ್ನು ನಾನು ಬಾಯಿಬಿಟ್ಟು ಹೇಳಿದ್ದು ಅದೇ ಮೊದಲು. ಎದ್ದ ಕೈಗಳು ಒಂದೊಂದಾಗಿ ಇಳಿದವು. ಸೇನಾಪತಿ ತನ್ನ ಕೈ ಎಲ್ಲಿಡಬೇಕೆಂದು ತಿಳಿಯದೆ ತಲೆಯ ಮೇಲಿಟ್ಟುಕೊಂಡ. “ಸಾರಿ ಮೇಡಂ... ನಂಗೆ ಗೊತ್ತಿರ್ಲಿಲ್ಲ. ಯುದ್ಧ ಯಾವಾಗಾದ್ರೂ ಆಗುತ್ತೆ ಬಿಡಿ,” ಎಂದ. ರಾಕ್ಷಸ ತನ್ನ ಪಾಲಿನ ಬಜ್ಜಿಯನ್ನು ನನ್ನ ತಟ್ಟೆಗೆ ಹಾಕಿ, “ತಿನ್ರಿ ಅಕ್ಕಾ, ಆರ್ತೈತಿ,” ಎಂದ. ಆಮೇಲೆ ಏನೋ ಹೊಳೆದವನಂತೆ ಮಾಮಾನ ಕಡೆ ತಿರುಗಿದ.

“ಮಾಸ್ತರ, ಅಕ್ಕಾರ ಅವ್ವ ಅಂದ್ರ... ನಿಮಗ ಏನಾಗಬೇಕ್ರಿ?”

“ನಮ್ಮ ಅಕ್ಕ,” ಎಂದರು ಮಾಮಾ. ಆಮೇಲೆ ಕನ್ನಡಕ ತೆಗೆದು, ಅಲ್ಲೇ ಇದ್ದ ಬೆಂಚಿನ ತುದಿಗೆ ಕೂತುಬಿಟ್ಟರು.

ಇಷ್ಟು ತಿಂಗಳೂ ಮನೆಯವರು, ನೆಂಟರು ಎಲ್ಲರೂ ನನ್ನನ್ನೇ ಸಮಾಧಾನ ಮಾಡಿದ್ದರು. ಇವರ ಅಕ್ಕ ಹೋದಳೆಂದು ಇವರನ್ನು ಯಾರು ಮಾತಾಡಿಸಿದ್ದರು? ಸೇನಾಪತಿ ಮೆಲ್ಲಗೆ ಎಲ್ಲರನ್ನೂ ಚಹಾದ ನೆಪ ಮಾಡಿ ದೂರ ಕರೆದುಕೊಂಡು ಹೋದ. ನಾನು ಮಾಮಾನ ಪಕ್ಕ ಕೂತೆ. ತುಸು ಹೊತ್ತು ಇಬ್ಬರೂ ಜನರನ್ನು ನೋಡಿದೆವು. ನಮ್ಮ ಮನೆತನದಲ್ಲಿ ಅಳು ಬಂದವರ ಮುಖ ನೋಡುವ ಪದ್ಧತಿ ಇಲ್ಲ.

“ಅವ್ವ ಸಣ್ಣಾಕಿ ಇದ್ದಾಗ ಹೆಂಗಿದ್ಲು, ಮಾಮಾ?”

“ಭಾಳ ಜೋರಿದ್ಲು.” ಅವರು ಲುಂಗಿಯ ಅಭ್ಯಾಸಕ್ಕೆ ಪ್ಯಾಂಟಿನ ಅಂಚು ಹುಡುಕಿ, ಸಿಗದೆ, ಅಂಗಿಯ ತೋಳಿನಿಂದ ಮುಖ ಒರೆಸಿಕೊಂಡರು. “ಆಟದಾಗ ಯಾವಾಗ್ಲೂ ಆಕಿನೇ ರಾಣಿ, ನಾ ಕುದುರಿ. ಬೆನ್ನ ಮ್ಯಾಲ ಕುಂತು ಇಡೀ ಓಣಿ ಸುತ್ತಸ್ತಿದ್ಲು. ಒಂದು ದಿನಾನೂ ನನ್ನ ರಾಜ ಮಾಡಲಿಲ್ಲ ನೋಡು!”

“ಮತ್ತ ನೀವು ಬ್ಯಾಡ ಅಂತಿದ್ದಿಲ್ಲೇನು?”

“ಎದಕ್ಕ ಅನ್ನಲಿ?” ಎಂದರು ಮಾಮಾ. “ನಾ ದಣದೀನಿ ಅಂತ ಬಾಯಿಬಿಟ್ಟು ಹೇಳೂದ್ರೊಳಗ ಇಳದುಬಿಡ್ತಿದ್ಲು.”