ಅಂಥವರು ಇಲ್ಲಿ ಯಾರೂ ಇಲ್ಲ

ಅನುಮಾನ ಪಡುವುದು ನನ್ನ ಚಟ ಎಂದು ಹೆಂಡತಿ ದೂರುತ್ತಾಳೆ. ಐದಕ್ಕೆ ಏಳುವುದು, ಆರಕ್ಕೆ ವಾಕಿಂಗ್, ಏಳಕ್ಕೆ ಹಾಲಿನವನ ಮೇಲೆ ಅನುಮಾನ, ಎಂಟಕ್ಕೆ ಪತ್ರಿಕೆಯ ಮೇಲೆ. ಹೀಗೆ ಎಲ್ಲಕ್ಕೂ ಹೊತ್ತುಗೊತ್ತು ಇಟ್ಟುಕೊಂಡವನನ್ನು ಚಟಗಾರ ಎನ್ನಲಾದೀತೇ? ಹರಿಹರದ ಸರ್ಕಾರಿ ಕಚೇರಿಯೊಂದರಲ್ಲಿ ಮೂವತ್ತನಾಲ್ಕು ವರ್ಷ ದುಡಿದು ಸೂಪರಿಂಟೆಂಡೆಂಟ್ ಆಗಿ ನಿವೃತ್ತನಾದವನು ನಾನು. ಮಹಿಳಾ ಮೀಸಲಾತಿಯಲ್ಲಿ ಹೆಣ್ಣುಮಕ್ಕಳು ಒಬ್ಬೊಬ್ಬರಾಗಿ ನಮ್ಮ ಶಾಖೆಗೆ ಬರತೊಡಗಿದಾಗ, ಇವರು ಕೆಲಸ ಮಾಡುತ್ತಾರೆಯೇ ಎಂದು ಒಂದು ಕಣ್ಣಿಟ್ಟಿದ್ದೆ. ಗಂಡಸರು ದಿನಕ್ಕೆ ನಾಲ್ಕು ಸಲ ಚಹಾಕ್ಕೆ ಎದ್ದು ಹೋಗುತ್ತಿದ್ದರು. ಇವರು ಕುರ್ಚಿ ಬಿಟ್ಟು ಏಳುತ್ತಲೇ ಇರಲಿಲ್ಲ. ಇದರಲ್ಲಿ ಏನೋ ಇದೆ ಎಂದು ನನ್ನ ಅನುಮಾನ ಇನ್ನೂ ಬಲವಾಯಿತು. ಕಚೇರಿಯಲ್ಲಿ ಹೆಂಗಸರಿಗೆ ಶೌಚಾಲಯವಿರಲಿಲ್ಲ, ಅದಕ್ಕೇ ಅವರು ಚಹಾ ಮುಟ್ಟುತ್ತಿರಲಿಲ್ಲ ಎಂಬುದು ತಿಳಿಯುವಷ್ಟರಲ್ಲಿ ನನ್ನ ಬೀಳ್ಕೊಡುಗೆ ಸಮಾರಂಭ ಮುಗಿದಿತ್ತು.

ಈಚೆಗೆ ಸರಸ್ವತಿ ನಗರದ ನಮ್ಮ ಮನೆಯಲ್ಲೇ, ಸೊಸೆ ಶೋಭಾ ಪರೀಕ್ಷೆ ಬರೆದು ದ್ವಿತೀಯ ದರ್ಜೆ ಸಹಾಯಕಿಯಾಗಿ ಆಯ್ಕೆಯಾದಳು. "ಮಹಿಳಾ ಸೀಟಿನಲ್ಲಿ ಬಂತೋ?" ಎಂದು ಕೇಳಿದೆ. "ಹೌದ್ರಿ ಮಾವ. ಗಂಡಸರ ಸೀಟು ಕೇಳಿದ್ದೆ, ಕೊಡ್ಲಿಲ್ಲ" ಎಂದಳು.

ಒಂದು ದಿನ ಅವಳು ಮಗಳನ್ನು ಶಾಲೆಗೆ ಬಿಡಲು ಹೋಗಿದ್ದಾಗ, ಚೂಡಿದಾರದ ಹುಡುಗಿಯೊಬ್ಬಳು ಸ್ಕೂಟರಿನಲ್ಲಿ ಬಂದು ಗೇಟಿನ ಮುಂದೆ ನಿಂತಳು. "ಶೋಭಾ ಅಂತ ಇಲ್ಲೇ ಇರೋದಾ ಸರ್? ಸ್ಟೇಷನ್ನಿಂದ ಬಂದೀನ್ರಿ, ವೆರಿಫಿಕೇಶನ್ನಿಗೆ." ಚೂಡಿದಾರ, ಸ್ಕೂಟರು, ಹುಡುಗಿ, ಇವಳು ಪೊಲೀಸಂತೆ! ಪೊಲೀಸರ ಹೆಸರು ಹೇಳಿಕೊಂಡು ಮೋಸ ಮಾಡುವವರ ಬಗ್ಗೆ ಮೊಬೈಲಿನಲ್ಲಿ ದಿನಕ್ಕೆರಡು ಎಚ್ಚರಿಕೆ ಬರುತ್ತವಲ್ಲ. ಅವಳು ತೋರಿಸಿದ ಗುರುತಿನ ಚೀಟಿಯನ್ನು ಗೇಟು ತೆಗೆಯದೆ, ಕನ್ನಡಕವನ್ನೂ ಹಾಕದೆ ನೋಡಿ, "ಅಂಥವರು ಇಲ್ಲಿ ಯಾರೂ ಇಲ್ಲ" ಎಂದೆ. ಅವಳು ಏನನ್ನೋ ಬರೆದುಕೊಂಡು ಹೋದಳು.

ಊಟಕ್ಕೆ ಕೂತಾಗ ನನ್ನ ಈ ಜಾಣತನವನ್ನು ವಿವರಿಸಿದೆ. ಶೋಭಾಳ ಕೈ ತಟ್ಟೆಯಲ್ಲೇ ನಿಂತಿತು. "ಮಾವ, ಆ ರಿಪೋರ್ಟ್ ಹೋಗದಿದ್ರೆ ಆರ್ಡರ್ ಕೊಡಲ್ಲ. ಈ ವಿಳಾಸದಾಗ ಇಲ್ಲ ಅಂತ ಬರೆದುಬಿಟ್ರೆ ಕೆಲಸಾನೇ ಹೋಯ್ತು. ಮುಂದಿನ ಸಲಕ್ಕೆ ನನಗ ವಯಸ್ಸು ಮೀರ್ತೈತ್ರಿ." ಹೆಂಡತಿ ನನ್ನ ಕಡೆ ನೋಡಿದಳು. ಮಜ್ಜಿಗೆ ಬಡಿಸಲಿಲ್ಲ.

ಆಟೊ ಹಿಡಿದು ನಾನೂ ಶೋಭಾಳೂ ಠಾಣೆಗೆ ಓಡಿದೆವು. ಅದೇ ಹುಡುಗಿ, ಈಗ ಖಾಕಿಯಲ್ಲಿ. "ಬರ್ರಿ ಸರ್, ಕೂಡ್ರಿ. ಯಾರಿವರು?"

"ನನ್ನ ಸೊಸೆ, ಶೋಭಾ."

"ಬೆಳಿಗ್ಗೆ ಇರಲಿಲ್ಲ, ಮಧ್ಯಾಹ್ನದಾಗ ಹೆಂಗ್ ಬಂದ್ರು?"

ತಪ್ಪಾಯಿತು ತಾಯಿ, ಅವಳ ನಡತೆಗೆ ನಾನೇ ಜವಾಬ್ದಾರ, ಬೇಕಾದರೆ ಬರೆದುಕೊಡುತ್ತೇನೆ ಎಂದೆ. ಪೊಲೀಸ್ ಹುಡುಗಿ ನಕ್ಕಳು. "ನೀವು ಬರೆಯೋದು ಬ್ಯಾಡ್ರಿ. ಪಕ್ಕದ ಮನಿ ಬಾಷಾ ಸಾಹೇಬ್ರು ಹೇಳ್ಯಾರ. ದಿನಾ ಬೆಳಗಿನ ಜಾವ ನಾಲ್ಕಕ್ಕ ಅಡಿಗಿಮನಿ ಲೈಟ್ ಹಾಕ್ಕೊಂಡು ಓದ್ತಿತ್ತು ಆ ಹುಡುಗಿ, ಚಿನ್ನದಂಥಾಕಿ ಅಂದ್ರು. ಯಜಮಾನ್ರು ಇಲ್ಲ ಅಂದ್ರಲ್ಲ ಅಂದೆ. ಆ ಯಜಮಾನ್ರು ಪಕ್ಕದ ಮನಿಯ ನನ್ನನ್ನೂ ಎಷ್ಟೋ ಸಲ ಯಾರು ಅಂತ ಕೇಳ್ಯಾರ, ತಲಿ ಕೆಡಿಸ್ಕೋಬ್ಯಾಡ್ರಿ ಅಂದ್ರು. ರಿಪೋರ್ಟ್ ಆಗ್ಲೇ ಕಳ್ಸೀನಿ."

ಐದಕ್ಕೆ ಏಳುವ ನನಗೆ ಒಂದು ವರ್ಷದಿಂದ ಬಿಸಿನೀರು ಕಾದಿರುತ್ತಿತ್ತು. ಅದು ನನ್ನ ಶಿಸ್ತಿನ ಪ್ರಭಾವ ಎಂದು ನಂಬಿಕೊಂಡಿದ್ದೆ. ನಾನು ಅನುಮಾನ ಪಡದೆ ಒಪ್ಪಿಕೊಂಡ ಸಂಗತಿ ಬಹುಶಃ ಅದೊಂದೇ.

ಹೊರಗೆ ರಸ್ತೆಯಲ್ಲಿ ನಿಂತಾಗ ಶೋಭಾಳ ಮುಖ ಹಗುರಾಗಿತ್ತು. "ಮಾವ, ನಿಮ್ಮ ಕಾಲದಾಗ ಈ ಪರೀಕ್ಷೆ ಹೆಂಗಿರ್ತಿತ್ರಿ? ಭಾಳ ಕಷ್ಟಾನಾ?"

ನಮ್ಮಪ್ಪ ಸೇವೆಯಲ್ಲಿರುವಾಗಲೇ ತೀರಿಕೊಂಡಿದ್ದರು. ಅನುಕಂಪದ ಆಧಾರದ ಮೇಲೆ ಅವರ ಕಚೇರಿಯಲ್ಲೇ ನನ್ನನ್ನು ಕರೆದು ಕೂರಿಸಿದ್ದರು. ಪರೀಕ್ಷೆ ಹಾಗಿರಲಿ, ಹೆಸರು ಬಿಟ್ಟು ಬೇರೇನನ್ನೂ ಯಾರೂ ಕೇಳಿರಲಿಲ್ಲ.

"ಆಟೊ ಬಂತು ನೋಡು" ಎಂದೆ.

ಬಂದಿರಲಿಲ್ಲ.