ಶಿವದಾರಕ್ಕೆ ಕಟ್ಟಿದ ಚಾಕು

ಜೇವರ್ಗಿ ಕಾಲೋನಿಯ ವಿವೇಕಾನಂದನಿಗೆ ಅಪ್ಪ ಹೆಸರು ಇಟ್ಟುಹೋದನೇ ಹೊರತು ಅದರ ಮೊದಲರ್ಧವನ್ನು ಕೊಟ್ಟುಹೋಗಲಿಲ್ಲ. ಕೊಟ್ಟಿದ್ದರೆ, ಕಚೇರಿಯಲ್ಲಿ ಆವಕ-ಜಾವಕ ನೋಡಿಕೊಂಡಿರುವ ಮೂವತ್ತಾರು ವರ್ಷದ ಗುಮಾಸ್ತ ಕೊರಳಿಗೆ ಚಾಕು ಕಟ್ಟಿಕೊಂಡು ಓಡಾಡುತ್ತಿರಲಿಲ್ಲ.

ಚಾಕು ದೊಡ್ಡದೇನಲ್ಲ, ಬೆರಳುದ್ದದ್ದು. ಪ್ಲಾಸ್ಟಿಕ್ಕಿನ ಒರೆಯೊಳಗೆ ತಲೆಕೆಳಗಾಗಿ ಎದೆಯ ಮೇಲೆ ನೇತಾಡುತ್ತಿತ್ತು. ಹಿಡಿ ಎಳೆದರೆ ಟಕ್ಕನೆ ಕೈಗೆ ಬರಬೇಕು, ಹಾಗಂತ ಮೊಬೈಲಿನಲ್ಲಿ ಒಬ್ಬ ಗಡ್ಡದವನು ಹೇಳಿದ್ದ. ಆ ಗಡ್ಡದವನು ಹಿಮ ಬಿದ್ದ ಕಾಡಿನಲ್ಲಿ ಕುಳಿತು ಇಂಥದೇ ಚಾಕುವಿನಿಂದ ಕಡ್ಡಿ ಹೆರೆದು ಬೆಂಕಿ ಹೊತ್ತಿಸಿದ್ದನ್ನು ವಿವೇಕಾನಂದ ಬಾಯಿ ಬಿಟ್ಟುಕೊಂಡು ನೋಡಿದ್ದ. ಕಲಬುರಗಿಯಲ್ಲಿ ಬೆಂಕಿಗೇನು ಬರ? ಮೇ ತಿಂಗಳಲ್ಲಿ ಮನೆಯ ಹೊರಗೆ ನಿಂತರೆ ಸಾಕು. ಆದರೂ ಚಾಕು ತರಿಸಿದ.

ಮೂರು ತಿಂಗಳಲ್ಲಿ ಆ ಚಾಕು ಮೂರು ವಸ್ತುಗಳನ್ನು ಕೊಯ್ದಿತ್ತು. ಒಂದು, ಅದಕ್ಕೇ ಇನ್ನೂ ಚೆಂದದ ಒರೆ ಬಂದ ಕೊರಿಯರ್ ಲಕೋಟೆ. ಎರಡು, ಕಚೇರಿಯಲ್ಲಿ ಊಟದ ಹೊತ್ತಿನ ಮೊಸರಿನ ಪಾಕೀಟು. ಅದರ ಅರ್ಧ ಮೊಸರು ಸಾಹೇಬರ ಫೈಲನ್ನು ಸೇರಿತು. ಮೂರು, ಅವನದೇ ಎಡಗೈ ಹೆಬ್ಬೆರಳು. ಇಷ್ಟಾದರೂ ಕಂಡಕಂಡವರಿಗೆ ಅವನದು ಒಂದೇ ಉಪದೇಶ: "ಜೇಬಿನಾಗಿಂದು ಮರೀತೀರಿ, ಬ್ಯಾಗಿನಾಗಿಂದು ಮರೀತೀರಿ. ಕೊರಳಾಗಿಂದು ಮರಿಯಂಗಿಲ್ರಿ. ಬೇಕಾದ ದಿನ ಕೈಯಾಗ ಇರ್ತದ."

ಪಕ್ಕದ ಮನೆಯ ಶಬ್ಬೀರ್ ಮೊದಲು ಅದನ್ನು ತಾಯಿತ ಎಂದುಕೊಂಡು ಯಾವ ದರ್ಗಾದ್ದು ಎಂದು ಕೇಳಿದ್ದ. ಚಾಕು ಎಂದು ತಿಳಿದ ಮೇಲೆ ತನ್ನ ಹಲ್ಲು ತೋರಿಸಿ ಹೇಳಿದ್ದ, "ಭಾಯ್, ಮೂವತ್ತೆರಡು ಅದಾವ. ಇವನ್ನೂ ಎಂದೂ ಮರಿಯಂಗಿಲ್ಲ."

ಚಾಕುವಿನ ಜೊತೆ ಬಂದಿದ್ದ ಸರಪಳಿ ಎದೆಯ ಕೂದಲು ಕೀಳುತ್ತಿತ್ತು. ಗಡ್ಡದವನು ಇದರ ಬಗ್ಗೆ ಏನನ್ನೂ ಹೇಳಿರಲಿಲ್ಲ. ಆಗ ವಿವೇಕಾನಂದನ ಕಣ್ಣು ದೇವರ ಜಗಲಿಯ ಮೇಲೆ ಬಿತ್ತು. ದೀಕ್ಷೆಯ ದಿನ ಅಯ್ಯನವರು ಅವನ ಕೊರಳಿಗೆ ಕಟ್ಟಿದ್ದ ಇಷ್ಟಲಿಂಗ, ಅವನು ಕಾಲೇಜು ಸೇರಿದ ವರ್ಷವೇ ಇಳಿದು ಅಲ್ಲಿ ಕುಳಿತಿತ್ತು. ಅದರ ಶಿವದಾರ ಬಿಳಿ, ಮೆತ್ತಗೆ, ಗಟ್ಟಿ. ಅವ್ವನಿಗೆ ತಿಳಿಯದಂತೆ ದಾರ ಬಿಚ್ಚಿ ಚಾಕುವಿನ ಒರೆಗೆ ಪೋಣಿಸಿಕೊಂಡ. ಲಿಂಗ ದಾರವಿಲ್ಲದೆ ಜಗಲಿಯ ಮೇಲೆ ಉಳಿಯಿತು, ಚಾಕು ದಾರದ ಸಮೇತ ಎದೆಯೇರಿತು. ನಾಚಿಕೆ ಎಂಬುದು ಆ ಮನೆಯ ಹೊಸ್ತಿಲು ದಾಟಿ ಎಲ್ಲಿಗೋ ಹೋಗಿತ್ತು.

ಆ ಐತವಾರ ಕಮಲಾಪುರಕ್ಕೆ ಹೆಣ್ಣು ನೋಡಲು ಹೋಗುವುದಿತ್ತು. ಇದು ಏಳನೆಯ ಹೆಣ್ಣು. ಹಿಂದಿನ ಆರೂ ಕಡೆ ಅವನು ಒಪ್ಪಿದ್ದ, ಅವರು ಒಪ್ಪಿರಲಿಲ್ಲ. ತಾಯಿ ನೀಲಗಂಗಮ್ಮ ಬಾಗಿಲಲ್ಲೇ ತಡೆದು ಹೇಳಿದಳು, "ಆ ಚಾಕು ತಗದಿಡು. ಹೆಣ್ಣು ನೋಡ್ಲಾಕ ಹೊಂಟೀವಿ, ಕುರಿ ಕೊಯ್ಯಾಕಲ್ಲ."

"ತಗದಿಟ್ಟೀನಿ ಯವ್ವಾ," ಎಂದ ಮಗ, ಅಂಗಿಯ ಗುಂಡಿ ಹಾಕುತ್ತ.

ಶಬ್ಬೀರನ ಕಾರಿನಲ್ಲಿ ಹೊರಟರು. ದಾರಿಯುದ್ದಕ್ಕೂ ಶಬ್ಬೀರ್ ಕನ್ನಡಿಯಲ್ಲಿ ಅವನ ಎದೆಯ ಉಬ್ಬನ್ನು ನೋಡಿ ಮೀಸೆಯಲ್ಲೇ ನಗುತ್ತಿದ್ದ.

ಕಮಲಾಪುರದ ದೌಲಪ್ಪ ಕೆಂಪು ಬಾಳೆಯ ತೋಟ ಇಟ್ಟುಕೊಂಡಿದ್ದ ಅನುಕೂಲಸ್ಥ. ಅವನ ಮಗಳು ಸೃಷ್ಟಿ ಊರ ಶಾಲೆಯಲ್ಲಿ ಗಣಿತ ಕಲಿಸುತ್ತಿದ್ದಳು. ಚಾ ಮತ್ತು ಚುರುಮುರಿಯ ಸುಸಲಾ ತಂದಿಟ್ಟು ಎದುರಿಗೇ ಕುಳಿತಳು. ತಲೆ ತಗ್ಗಿಸಲಿಲ್ಲ. "ಆವಕ-ಜಾವಕ ಅಂದ್ರ ಏನ್ ಮಾಡ್ತೀರಿ?" ಎಂದು ನೇರವಾಗಿ ಕೇಳಿದಳು.

"ಬಂದದ್ದು ಬರಕೋತೀನ್ರಿ, ಹೋದದ್ದು ಬರಕೋತೀನ್ರಿ. ನಡುವ ಏನಾಗ್ತದ ಅನ್ನೋದು ನನಗ ಗೊತ್ತಿಲ್ರಿ."

ಸೃಷ್ಟಿ ನಕ್ಕಳು. ಆರು ಹೆಣ್ಣುಗಳಲ್ಲಿ ಒಬ್ಬಳೂ ನಕ್ಕಿರಲಿಲ್ಲ. ವಿವೇಕಾನಂದನ ಜೀವ ಅಲ್ಲೇ, ಸುಸಲಾದ ತಟ್ಟೆಯ ಮುಂದೆಯೇ, ಅವಳ ಪಾಲಾಗಿಹೋಯಿತು. ಈ ಹುಡುಗಿ ತಪ್ಪಿದರೆ ತನಗೆ ಮದುವೆಯೇ ಬೇಡ ಎಂದುಕೊಂಡ.

ಅಷ್ಟರಲ್ಲಿ ದೌಲಪ್ಪನ ಕಣ್ಣು ಅವನ ಕಾಲರಿನ ಸಂದಿಯಲ್ಲಿ ಇಣುಕುತ್ತಿದ್ದ ಬಿಳಿ ದಾರದ ಮೇಲೆ ಬಿತ್ತು. ಅಲ್ಲಿಂದ ಎದೆಯ ಉಬ್ಬಿಗೆ ಇಳಿಯಿತು. ಅವನ ಮುಖ ಅರಳಿತು.

"ಆಯೀ, ಇಲ್ಲಿ ಬಾ. ಹುಡುಗ ಲಿಂಗ ಕಟ್ಟ್ಯಾನ," ಎಂದು ಒಳಗೆ ಕೂಗಿದ.

ಒಳಗಿನಿಂದ ದೌಲಪ್ಪನ ತಾಯಿ ಚಂದಮ್ಮ ಬಂದಳು. ಎಂಬತ್ತರ ಮುದುಕಿ, ಬೆಳಿಗ್ಗೆ ತೋಟಕ್ಕೆ ಹೋಗಿ ಬಂದವಳು. ಮೊಮ್ಮಗಳನ್ನು ಕೊರಳಲ್ಲಿ ಲಿಂಗವಿಲ್ಲದವನಿಗೆ ಕೊಡುವುದಿಲ್ಲ ಎಂದು ಹಟ ಹಿಡಿದು, ಹೋದ ವಾರವಷ್ಟೇ ಒಬ್ಬ ಇಂಜಿನಿಯರನನ್ನು ಚಾ ಆರುವ ಮೊದಲೇ ಕಳಿಸಿದ್ದಳು.

"ಖರೇ ಏನಪ್ಪಾ?" ಎಂದು ಕೇಳಿದಳು.

ಇಲ್ಲ ಎನ್ನಲು ಒಂದು ಗಳಿಗೆ ಸಾಕಿತ್ತು. ವಿವೇಕಾನಂದ ಆ ಗಳಿಗೆಯಲ್ಲಿ ಸುಸಲಾ ಅಗಿದ. ನೀಲಗಂಗಮ್ಮ ಮಗನ ಕೊರಳ ದಾರ ನೋಡಿದಳು. ಚಾಕು ತೆಗೆದಿಟ್ಟು ಲಿಂಗ ಕಟ್ಟಿಕೊಂಡು ಬಂದಿದ್ದಾನೆ ಎಂದುಕೊಂಡು ಆಕೆಯ ಕಣ್ಣಲ್ಲಿ ನೀರು ಬಂತು.

ಶಬ್ಬೀರ್ ಮಾತ್ರ ಗಂಭೀರವಾಗಿ ಹೇಳಿದ, "ಆಯೀ, ಜಳಕ ಮಾಡಾಗೂ ಅದನ್ನ ಬಿಚ್ಚಂಗಿಲ್ರಿ. ಕಣ್ಣಾರೆ ಕಂಡೀನಿ." ಅದರಲ್ಲಿ ಸುಳ್ಳೇನೂ ಇರಲಿಲ್ಲ.

ಮುದುಕಿ ಸೊಸೆಯಂದಿರಿಗೆ ಹೋಳಿಗೆ ಮಾಡಲು ಹೇಳಿದಳು. ಹೋಳಿಗೆ ಎಂದರೆ ಮುಕ್ಕಾಲು ಒಪ್ಪಿಗೆ. ನೀಲಗಂಗಮ್ಮ ಆಗಲೇ ಮನಸ್ಸಿನಲ್ಲಿ ಮದುವೆಯ ಕಾರ್ಯಾಲಯ ಹುಡುಕತೊಡಗಿದಳು.

"ನಂದೂ ಪೂಜಿ ಆಗಿಲ್ಲ," ಎಂದಳು ಚಂದಮ್ಮ. "ಏಳಪ್ಪಾ, ಇಬ್ಬರೂ ಕೂಡೇ ಲಿಂಗಪೂಜಿ ಮಾಡಿಕೊಂಡು ಉಣ್ಣೋಣು."

ದೇವರ ಕೋಣೆಯಲ್ಲಿ ಎರಡು ಮಣೆ, ವಿಭೂತಿ, ಪತ್ರಿ, ಒಂದು ತಂಬಿಗೆ ನೀರು. ನೈವೇದ್ಯಕ್ಕೆ ಬಾಳೆಹಣ್ಣಿನ ಒಂದು ಚಿಪ್ಪು. ಮುದುಕಿ ಬಾಗಿಲು ಮುಚ್ಚಿ, ಕರಡಿಗೆ ತೆರೆದು, ತನ್ನ ಲಿಂಗವನ್ನು ಎಡ ಅಂಗೈ ಮೇಲಿಟ್ಟುಕೊಂಡಳು.

"ನಿಂದು ತಗಿ."

"ನಾ ಮನಸಿನಾಗೇ ಮಾಡ್ತೀನ್ರಿ."

"ಮನಸಿಗೆ ಅಂಗೈ ಎಲ್ಲಿಂದ ಬರ್ತದ? ತಗಿ."

ವಿವೇಕಾನಂದ ಕಣ್ಣು ಮುಚ್ಚಿ ಅಂಗಿಯೊಳಗೆ ಕೈ ಹಾಕಿದ. ದಾರ ಬಿಚ್ಚಿ ಒರೆಯನ್ನು ಮುಷ್ಟಿಯಲ್ಲೇ ಮುಚ್ಚಿಟ್ಟುಕೊಂಡರೆ ಮುದುಕಿಗೆ ಕಾಣಲಿಕ್ಕಿಲ್ಲ ಎಂದು ಲೆಕ್ಕ ಹಾಕಿದ. ಆದರೆ ಬೆವರಿದ ಬೆರಳು ಹಿಡಿಗೆ ತಾಗಿತು. ಮೂರು ತಿಂಗಳಲ್ಲಿ ಒಮ್ಮೆಯೂ ಸರಿಯಾಗಿ ಬಾರದಿದ್ದ ಚಾಕು ಅಂದು ಗಡ್ಡದವನು ಹೇಳಿದಂತೆಯೇ ಟಕ್ಕನೆ ಈಚೆ ಬಂತು. ಅವನ ಕೈಯಿಂದ ಜಾರಿ ನೈವೇದ್ಯದ ಬಾಳೆಹಣ್ಣಿನಲ್ಲಿ ನೆಟ್ಟಗೆ ನಾಟಿಕೊಂಡು ನಿಂತಿತು.

ಮುದುಕಿ ಚಾಕುವನ್ನು ನೋಡಿದಳು. ಅವನನ್ನು ನೋಡಿದಳು. ತನ್ನ ಲಿಂಗವನ್ನು ನಿಧಾನವಾಗಿ ಕರಡಿಗೆಯೊಳಗೆ ಇಟ್ಟು ಮುಚ್ಚಿದಳು. ಆಮೇಲೆ ಚಾಕು ಕಿತ್ತುಕೊಂಡು ಉಗುರಿನ ಮೇಲೆ ಅಲಗು ಸವರಿದಳು.

"ಇದರಿಂದ ಏನ್ ಕೊಯ್ತಿ?"

"ಎಲ್ಲಾ ಕೊಯ್ತೀನ್ರಿ."

"ಹಂಗಾದ್ರ ಈ ಚಿಪ್ಪಿನಾಗಿಂದು ಎರಡು ಹಣ್ಣು ಬಿಡಿಸು, ನೋಡ್ತೀನಿ."

ಹಣ್ಣು ಕೈಯಿಂದ ಮುರಿದರೂ ಬರುತ್ತದೆ, ಎಳೆಯ ಕೂಸಿಗೂ ಗೊತ್ತು. ವಿವೇಕಾನಂದ ಗರಗಸ ಎಳೆದಂತೆ ಎಳೆದ. ತೊಟ್ಟು ಅಲುಗಲಿಲ್ಲ. ಇನ್ನಷ್ಟು ಬಲ ಹಾಕಿದ. ಎಡಗೈ ಹೆಬ್ಬೆರಳು ಎರಡನೇ ಸಲ ಕೊಯ್ದುಕೊಂಡಿತು.

"ಇಲ್ಲಿ ತಾ," ಎಂದಳು ಮುದುಕಿ. ಚಾಕುವನ್ನು ಬೆರಳ ಸಂದಿಯಲ್ಲಿ ಹಿಡಿದು ಚಕಚಕನೆ ಇಡೀ ಚಿಪ್ಪನ್ನು ಬಿಡಿಸಿಟ್ಟಳು. ಅವಳ ಕಣ್ಣಲ್ಲಿ ಹೊಳಪು ಬಂದಿತ್ತು. ಅದನ್ನು ಕಂಡು ವಿವೇಕಾನಂದನಿಗೂ ಆಸೆ ಹುಟ್ಟಿತು.

"ಆಯೀ, ತಪ್ಪಾತ್ರಿ. ಹೊರಗ ಹೇಳಬ್ಯಾಡ್ರಿ."

ಮುದುಕಿ ಒರೆಯಿಂದ ಶಿವದಾರ ಬಿಚ್ಚಿ ಅವನ ಕೊರಳಿಗೆ ಹಾಕಿದಳು. "ಇದು ಯಾವುದಕ್ಕ ಕಟ್ಟೋದದ, ಮನಿಗೆ ಹೋಗಿ ಅದಕ್ಕ ಕಟ್ಟು," ಎಂದಳು. ಮೂಲೆಯಲ್ಲಿದ್ದ ಬಾಳೆನಾರಿನ ಒಂದು ಎಳೆಯನ್ನು ಒರೆಗೆ ಪೋಣಿಸಿ, ಚಾಕುವನ್ನು ತನ್ನ ಕೊರಳಿಗೆ ಇಳಿಬಿಟ್ಟುಕೊಂಡು ಹೊರಗೆ ಬಂದಳು.

ಪಡಸಾಲೆಯಲ್ಲಿ ಎಲ್ಲರೂ ಎದ್ದುನಿಂತರು.

"ನನಗ ಭಾಳ ಹಿಡಿಸ್ತು," ಎಂದಳು ಚಂದಮ್ಮ. ನೀಲಗಂಗಮ್ಮ ದೇವರಿಗೆ ಕೈ ಮುಗಿದಳು. ಸೃಷ್ಟಿಯೂ ಸಣ್ಣಗೆ ನಕ್ಕಳು. "ಚಾಕು ಛಲೋ ಅದ, ಇಟ್ಕೊಂಡೀನಿ. ಹುಡುಗನ್ನ ಕರ್ಕೊಂಡು ಹೋಗ್ರಿ. ಲಿಂಗ ಇಲ್ಲ ಅಂದಿದ್ರ ಒಂದು ಮಾತು ವಿಚಾರ ಮಾಡ್ತಿದ್ದೆ. ಅದ ಅನ್ನೋಹಂಗ ಬಾಯಿ ಮುಚ್ಚಿಕೊಂಡು ಕುಂತ."

ಸೃಷ್ಟಿ ಅವನನ್ನು ಒಮ್ಮೆ ನೋಡಿದಳು. ತಪ್ಪು ಲೆಕ್ಕ ಮಾಡಿದ ಹುಡುಗನ ಪಾಟಿಯನ್ನು ನೋಡುವಂತೆ ನೋಡಿ, ಚಾದ ಕಪ್ಪುಗಳನ್ನು ಎತ್ತಿಕೊಂಡು ಒಳಗೆ ಹೋದಳು.

ಹೋಳಿಗೆ ಹಂಚಿನ ಮೇಲೆಯೇ ಉಳಿಯಿತು. ಬರಿಗೈಯಲ್ಲಿ ಕಳಿಸಬಾರದೆಂದು ದೌಲಪ್ಪ ಒಂದು ಚೀಲ ಕೆಂಪು ಬಾಳೆಹಣ್ಣನ್ನು ಕಾರಿನಲ್ಲಿ ಇಡಿಸಿದ. ಚೀಲದ ಬಾಯಿಗೆ ಪ್ಲಾಸ್ಟಿಕ್ ಹಗ್ಗದ ನಾಲ್ಕು ಗಂಟು ಬಿದ್ದಿತ್ತು.

ಮಹಾಗಾಂವ ಕ್ರಾಸ್ ತಲುಪುವಷ್ಟರಲ್ಲಿ ಹಸಿವೆಯಿಂದ ನೀಲಗಂಗಮ್ಮನಿಗೆ ತಲೆ ಸುತ್ತಿತು. ಶಬ್ಬೀರ್ ಕಾರು ನಿಲ್ಲಿಸಿ ಚೀಲ ಇಳಿಸಿದ. ಗಂಟು ಬಿಚ್ಚಲು ನೋಡಿದ, ಬರಲಿಲ್ಲ.

"ಭಾಯ್, ಚಾಕು ಕೊಡ್ರಿ," ಎಂದು ಮರೆವಿನಲ್ಲಿ ಕೈ ಚಾಚಿದ.

ವಿವೇಕಾನಂದನ ಕೈ ತಾನಾಗಿಯೇ ಕೊರಳಿಗೆ ಹೋಯಿತು. ಅಲ್ಲಿ ಬರೀ ದಾರವಿತ್ತು. ಚಾಕು ಕೊಂಡ ಮೇಲೆ ಅದು ನಿಜವಾಗಿ ಬೇಕಾದ ದಿನ ಅದೊಂದೇ. ಶಬ್ಬೀರ್ ನಿಟ್ಟುಸಿರಿಟ್ಟು, ಹಗ್ಗವನ್ನು ಬಾಯಿಗೆ ಹಾಕಿಕೊಂಡು ಹಲ್ಲಿನಿಂದಲೇ ಹರಿದ.

ಆಗ ವಿವೇಕಾನಂದನ ಫೋನ್ ಬಡಿಯಿತು. ದೌಲಪ್ಪ. ಮುದುಕಿಯ ಮನಸ್ಸು ಬದಲಾಗಿರಬೇಕೆಂದು ನೀಲಗಂಗಮ್ಮ ಬಾಯಲ್ಲಿದ್ದ ಹಣ್ಣನ್ನು ನುಂಗದೆ ಹಾಗೇ ಕುಳಿತಳು. ಮಗ ಸ್ಪೀಕರ್ ಹಾಕಿದ.

"ನೋಡ್ರಿ, ಆಯಿ ಹೇಳ್ಯಾಳ," ಎಂದ ದೌಲಪ್ಪ. "ಇಂಥಾ ಚಾಕು ಇನ್ನ ಆರು ಬೇಕಂತ, ತ್ವಾಟದಾಗ ದುಡಿಯೋ ಹೆಣ್ಮಕ್ಕಳಿಗೆ. ಕೊರಳಾಗ ಹಾಕ್ಕೊಂಡ್ರ ಎರಡೂ ಕೈ ಖಾಲಿ ಇರ್ತಾವ, ಭಾಳ ಸಲೀಸು ಅಂತಾಳ. ಬರೋ ಐತವಾರ ಸೃಷ್ಟಿನ್ನ ನೋಡ್ಲಾಕ ಬೀದರದೋರು ಬರ್ಲಾಕತ್ತಾರ, ನಾವು ಆ ಗಡಿಬಿಡಿಯಾಗ ಇರ್ತೀವಿ. ಅಷ್ಟರೊಳಗ ಮುಟ್ಟಿಸಿಬಿಡ್ರಿ."

ನೀಲಗಂಗಮ್ಮ ಹಣ್ಣು ನುಂಗಿದಳು. ವಿವೇಕಾನಂದ ಫೋನನ್ನು ಜೇಬಿಗಿಟ್ಟ. ಆಮೇಲೆ, ರಕ್ತ ಒಸರುವ ಹೆಬ್ಬೆರಳನ್ನು ಬಾಯಿಂದ ತೆಗೆದು, ಶಬ್ಬೀರನ ಕಡೆ ತಿರುಗಿ ಹೇಳಿದ, "ಕೇಳಿದ್ರಿಲ್ಲ? ಭಾಳ ಸಲೀಸು ಅಂತ. ನಾ ಮೊದಲಿಂದನೂ ಇದನ್ನೇ ಹೇಳ್ತಿದ್ದೆ."

ಶಬ್ಬೀರ್ ಒಂದು ಬಾಳೆಹಣ್ಣು ಸುಲಿದು ಅವನ ಬಾಯಿಗೆ ತುರುಕಿ, ಕಾರು ಚಾಲೂ ಮಾಡಿದ.