ನಿದ್ದೆ ಮಾಡಿದವರು ಮಸೆದ ಉಳಿ

ಇತಿಹಾಸ ಪಾಠ ಮಾಡಿದವರಿಗೆ ಒಂದು ಚಟ ಅಂಟಿಕೊಳ್ಳುತ್ತದೆ. ಜಗತ್ತಿನಲ್ಲಿ ಏನೇ ಹೊಸದು ಬಂದರೂ ‘ಇದು ಹಿಂದೆಯೂ ಆಗಿತ್ತು’ ಎಂದು ಗಂಟಲು ಸರಿಮಾಡಿಕೊಳ್ಳುವುದು. ನಾನು ಶಿಕಾರಿಪುರದ ಕಾಲೇಜಿನಿಂದ ನಿವೃತ್ತನಾಗಿ ಎರಡು ವರ್ಷವಾಯಿತು. ಕೇಳುವವರಿಲ್ಲದೆ ಚಟ ಇನ್ನಷ್ಟು ಬಲಿತಿದೆ. ಗ್ಯಾಸ್ ಸಿಲಿಂಡರ್ ಮುಗಿದರೂ ಯಾವುದಾದರೊಂದು ಸಾಮ್ರಾಜ್ಯದ ಪತನದಿಂದಲೇ ಮಾತು ಶುರು ಮಾಡುತ್ತೇನೆ. “ನಿನ್ನೆ ಹಾಲು ಉಕ್ಕಿಸಿದ್ರಿ, ಇವತ್ತೂ ಉಕ್ಕಿಸಿದ್ರಿ. ಇತಿಹಾಸದಿಂದ ನೀವು ಕಲ್ತಿದ್ದಾದ್ರೂ ಏನ್ರೀ?” ಎಂದು ಹೆಂಡತಿ ಕೇಳುತ್ತಾಳೆ. ಮಾಡಲು ಕೆಲಸವಿಲ್ಲದವನಿಗೆ ಯಾವುದರ ಮೇಲೂ ಗಮನವಿರುವುದಿಲ್ಲ ಎಂದು ನಾನು ಗೊಣಗುತ್ತೇನೆ.

ಹೀಗಿರುವಾಗ ಸೊರಬದಿಂದ ಶೋಭಾಳ ಫೋನು ಬಂತು. ಅವಳು ನನ್ನ ಹಳೆಯ ವಿದ್ಯಾರ್ಥಿನಿ, ಈಗ ಅಲ್ಲಿನ ಕಾಲೇಜೊಂದರಲ್ಲಿ ಇತಿಹಾಸದ ಉಪನ್ಯಾಸಕಿ. “ಸರ್, ನಮ್ಮ ಮಕ್ಕಳು ಎಲ್ಲಾದಕ್ಕೂ ಮೊಬೈಲಲ್ಲಿರೋ ಎಐನೇ ಕೇಳ್ತಾವೆ. ಅದಕ್ಕೂ ಒಂದು ನೀತಿ ನಿಯಮ ಬೇಕಲ್ಲ, ಇತಿಹಾಸ ಏನ್ ಹೇಳತ್ತೆ ಅಂತ ಬಂದು ಮಾತಾಡಿ,” ಎಂದಳು. ಎಐ ಬಗ್ಗೆ ನನಗೆ ಗೊತ್ತಿದ್ದದ್ದು ಸೊನ್ನೆ. ಒಪ್ಪಿಕೊಳ್ಳಲು ಅದೇನೂ ಅಡ್ಡಿಯಾಗಲಿಲ್ಲ.

ಬಸ್ಸಿನಲ್ಲಿ ಕೂತು ವಾದವನ್ನು ಹೊಂದಿಸಿಕೊಂಡೆ. ಬಳ್ಳಿಗಾವಿಯ ಕಡೆ ಹಳೆಯ ಶಾಸನಗಳನ್ನು ನೋಡಿದರೆ, ಬರೆದವನ ಹೆಸರು, ಕಲ್ಲಿನಲ್ಲಿ ಕೊರೆದವನ ಹೆಸರು ಎರಡೂ ಎಷ್ಟೋ ಕಡೆ ಇರುತ್ತವೆ. ಕೊನೆಗೊಂದು ಶಾಪವೂ ಇರುತ್ತದೆ: ಈ ದಾನವನ್ನು ಕೆಡಿಸಿದವನು ಅರವತ್ತು ಸಾವಿರ ವರ್ಷ ಹೊಲಸಿನಲ್ಲಿ ಹುಳುವಾಗಿ ಹುಟ್ಟುತ್ತಾನೆ ಎಂದು. ಮಾತಿಗೊಬ್ಬ ಜವಾಬ್ದಾರ, ಕೆಡಿಸಿದವನಿಗೊಂದು ಹೆದರಿಕೆ. ಎಐಗೆ ಇವೆರಡೂ ಇಲ್ಲ. ಈ ವಾದ ನನಗೇ ಎಷ್ಟು ಹಿಡಿಸಿತೆಂದರೆ ಪಕ್ಕದಲ್ಲಿ ಕೂತಿದ್ದವರಿಗೂ ಹೇಳಿದೆ. ಅವರು ಮುಂದಿನ ಸ್ಟಾಪಿನಲ್ಲಿ ಇಳಿದುಹೋದರು.

ನನ್ನ ಭಾಷಣ ಊಟವಾದ ಮೇಲೆ. ಶಾಸನ, ಹುಳುವಿನ ಶಾಪ ಎಲ್ಲ ಹೇಳಿ ಮುಗಿಸುವಷ್ಟರಲ್ಲಿ ಸಭೆಯಲ್ಲಿ ಅರ್ಧದಷ್ಟು ತಲೆಗಳು ವಾಲಿದ್ದವು. ಎಬ್ಬಿಸಬೇಕೆಂದು, ಶೋಭಾಳ ಫೋನಿನಲ್ಲೇ ಎಐಯನ್ನು ಪರೀಕ್ಷೆ ಮಾಡೋಣ ಎಂದೆ. ಬಳ್ಳಿಗಾವಿಯ ಹಳೆಯ ಪಾಠಶಾಲೆಯಲ್ಲಿ ಶಿಸ್ತು ಹೇಗಿತ್ತು ಎಂದು ಅವಳಿಂದ ಕೇಳಿಸಿದೆ. ಅದು ಮೈಕಿನ ಮುಂದೆ ಒಳ್ಳೆಯ ಕನ್ನಡದಲ್ಲಿ, ಪಾಠದ ವೇಳೆ ನಿದ್ದೆ ಮಾಡಿದವರು ಸಂಜೆ ಶಿಲ್ಪಿಗಳ ಉಳಿ ಮಸೆಯಬೇಕಿತ್ತು, ಅಲ್ಲಿನ ಕೆತ್ತನೆ ಅಷ್ಟು ನಯವಾಗಿರಲು ಇದೂ ಒಂದು ಕಾರಣ ಎಂದು ಹೇಳಿತು. ನಾನು ಮೇಜು ಕುಟ್ಟಿ ನಕ್ಕೆ. “ನೋಡಿ, ಶುದ್ಧ ಸುಳ್ಳು. ಇದನ್ನ ಬರೆದವನ ಹೆಸರೆಲ್ಲಿ? ಶಾಪ ಹಾಕೋದು ಯಾರಿಗೆ?”

ಸಭೆ ನಗಲಿಲ್ಲ. ಶೋಭಾ ಹತ್ತಿರ ಬಂದು ಮೆಲ್ಲಗೆ, “ಸರ್, ಅದು ನಿಮ್ಮ ನೋಟ್ಸಲ್ಲೇ ಇರೋದು. ನಮ್ಮ ಬ್ಯಾಚಿನವರು ಟೈಪ್ ಮಾಡಿ ಇಂಟರ್ನೆಟ್ಟಿಗೆ ಹಾಕಿದ್ವಿ,” ಎಂದಳು.

ಆಗ ನೆನಪಾಯಿತು. ಎಷ್ಟೋ ವರ್ಷದ ಹಿಂದೆ, ಇಂಥದೇ ಒಂದು ಮಧ್ಯಾಹ್ನ, ಮಲಗಿದ್ದ ತರಗತಿಯನ್ನು ಎಬ್ಬಿಸಲು ನಾನೇ ಕಟ್ಟಿ ಹೇಳಿದ ಕಥೆ. ಎದ್ದವರು ಪಾಠ ಬಿಟ್ಟು ಅದನ್ನೊಂದೇ ಬರೆದುಕೊಂಡಿದ್ದರು.

‘ಸಂಶೋಧನೆ ಮುಂದುವರಿದಿದೆ’ ಎಂದು ಜಾರಿಕೊಳ್ಳಬಹುದಿತ್ತು. ನಮ್ಮ ವೃತ್ತಿಯಲ್ಲಿ ಅದು ಒಳ್ಳೆಯ ಆಸರೆ. ಅಷ್ಟರಲ್ಲಿ ಹಿಂದಿನ ಬೆಂಚಿನಿಂದ ಕಾವ್ಯ ಎಂಬ ಹುಡುಗಿ ಎದ್ದಳು. ಬಳ್ಳಿಗಾವಿಯವಳು, ಅಪ್ಪನ ಕುರಿ ಕಾಯುತ್ತ ಆ ಕಲ್ಲುಗಳ ನಡುವೆಯೇ ಬೆಳೆದವಳು. “ಮೊನ್ನೆ ಕ್ವಿಜ್‌ನಾಗೆ ಇದನ್ನೇ ಕೇಳಿದ್ರು ಸರ್. ಹಂಗಂತ ಯಾವ ಕಲ್ಲಲ್ಲೂ ಇಲ್ಲ ಅಂತ ಬರ್ದಿದ್ದೆ. ಒಂದು ಮಾರ್ಕ್ಸ್ ಹೋಯ್ತು, ಸೆಕೆಂಡ್ ಬಂದೆ. ಫಸ್ಟ್ ಬಂದೋರನ್ನ ಮಾತ್ರ ಜಿಲ್ಲಾ ಕ್ವಿಜ್‌ಗೆ ಶಿವಮೊಗ್ಗಕ್ಕೆ ಕಳಿಸ್ತಾರೆ. ಇವತ್ತು ಸಂಜಿಗೆ ಹೆಸರು ಹೋಗತ್ತೆ.”

ಕ್ವಿಜ್ ನಡೆಸಿದವಳು ಶೋಭಾ. ಉತ್ತರಗಳನ್ನು ಅವಳು ತೆಗೆದದ್ದು ನನ್ನ ನೋಟ್ಸಿನಿಂದಲೇ. ನನಗೆ ನಾಚಿಕೆಯಾಯಿತು, ನಿಜವಾಗಿಯೂ. ಮೂವತ್ತು ವರ್ಷ ಆಧಾರ ಕೇಳಿ ಎಂದು ಪಾಠ ಹೇಳಿದವನು ನಾನು, ಕೇಳಿದ ಒಬ್ಬಳೇ ಹುಡುಗಿಗೆ ಅಂಕ ತಪ್ಪಿಸಿದವನೂ ನಾನು. “ಎಐದು ತಪ್ಪಿಲ್ಲ. ಆ ಕಥೆ ಕಟ್ಟಿದ್ದು ನಾನೇ. ಕಾವ್ಯ ಬರೆದಿದ್ದೇ ಸರಿ,” ಎಂದು ಮೈಕಿನಲ್ಲೇ ಹೇಳಿದೆ. ಶೋಭಾ ಅಲ್ಲೇ ಪಟ್ಟಿ ತರಿಸಿ ಹೆಸರು ತಿದ್ದಿದಳು.

ಕಾವ್ಯ ಇನ್ನೂ ಕೂತಿರಲಿಲ್ಲ. “ಹಂಗಾದ್ರೆ ಆ ಹುಳದ ಶಾಪ ಯಾರಿಗೆ ಸರ್?” ಎಂದಳು. ಕುಚೋದ್ಯವಲ್ಲ, ತಿಳಿದುಕೊಳ್ಳಲೆಂದೇ ಕೇಳಿದಳು. ಈಗ ಸಭೆ ನಕ್ಕಿತು, ಎಲ್ಲರೂ ಎಚ್ಚರವಾಗಿದ್ದರು.

ಮನೆಗೆ ಬಂದು ನಡೆದದ್ದನ್ನು ಹೆಂಡತಿಗೆ ಹೇಳಿದೆ. ಸಮಾಧಾನ ಮಾಡುತ್ತಾಳೆಂದುಕೊಂಡಿದ್ದೆ. “ರಿಟೈರಾದ್ಮೇಲೆ ಕೆಲಸ ಇಲ್ಲ ಅಂತ ಗೊಣಗ್ತಿದ್ರಲ್ಲ,” ಎಂದಳು. “ಅರವತ್ತು ಸಾವಿರ ವರ್ಷಕ್ಕೆ ಸಿಕ್ತು ಬಿಡಿ.” ಅಷ್ಟು ಉದ್ದದ ಸೇವಾವಧಿ ನಮ್ಮ ಇಲಾಖೆಯಲ್ಲಿ ಹಿಂದೆ ಯಾರಿಗಾದರೂ ಸಿಕ್ಕಿತ್ತೇ ಎಂದು ಯೋಚಿಸುತ್ತ ನಿಂತಿದ್ದೆ, ಒಲೆಯ ಮೇಲೆ ಹಾಲು ಉಕ್ಕಿತು.